ಬೀಡುಕಬ್ಬಿಣವೂ ಬೇರೂ

ಇಪ್ಪತ್ತಾರು ವರ್ಷ ಆಕೆ ನೆರಳಿಲ್ಲದ ಚಿತ್ರಗಳನ್ನೇ ತೆಗೆದಿದ್ದಳು.

ಪಂಪು, ವಾಲ್ವು, ನೀರಿನ ಮೀಟರು, ಪೈಪಿನ ಜೋಡಣೆಗಳನ್ನು ಮಾಡುವ ಕಾರ್ಖಾನೆ ಅದು. ಅಲ್ಲಿ ತಯಾರಾಗುವ ಪ್ರತಿಯೊಂದು ಬಿಡಿಭಾಗಕ್ಕೂ ಒಂದು ನಂಬರು, ಆ ನಂಬರಿಗೊಂದು ಫೋಟೋ, ಎಲ್ಲ ಸೇರಿ ವರ್ಷಕ್ಕೊಂದು ದಪ್ಪ ಕ್ಯಾಟಲಾಗು. ಆ ಫೋಟೋಗಳನ್ನು ತೆಗೆಯುವವಳು ಆಕೆ. ಹೆಸರು ಹಾಜರಿ ಪುಸ್ತಕದಲ್ಲಿತ್ತು. ಜನರ ಬಾಯಲ್ಲಿ ಮಾತ್ರ ‘ಫೋಟೋ ಅಕ್ಕ’. ಹತ್ತು ವರ್ಷ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು.

ಮಾಲು ಕಳಿಸುವ ಶೆಡ್ಡಿನ ಕೊನೆಯಲ್ಲಿ ಆಕೆಯ ಕೋಣೆ. ಒಂದೇ ಒಂದು ಕಿಟಕಿ, ಉತ್ತರಕ್ಕೆ. ಹೊರಗಿನ ಬೆಳಕು ಗಳಿಗೆಗೊಂದು ಥರ ಬದಲಾಗುತ್ತದೆ, ಕ್ಯಾಟಲಾಗಿಗೆ ಅದು ಆಗಿಬರುವುದಿಲ್ಲ ಎಂದು ಆಕೆಗೆ ಕೆಲಸ ಕಲಿಸಿದ ಹಳೆಯ ಫೋಟೋಗ್ರಾಫರು ಆ ಕಿಟಕಿಗೆ ಕಪ್ಪು ಬಟ್ಟೆ ಬಡಿದು ನಿವೃತ್ತರಾಗಿದ್ದರು. ಬಿಳಿ ಬಣ್ಣ ಬಳಿದ ಮೇಜು, ಎರಡು ಪಕ್ಕಕ್ಕೆ ಎರಡು ದೀಪ, ದೀಪಗಳ ಮುಂದೆ ಬೆಣ್ಣೆ ಕಾಗದ, ನಡುವೆ ನಟ್ಟೋ ಬೋಲ್ಟೋ. ಹಿತ್ತಾಳೆಯ ಹೊಳಪು ಕಣ್ಣಿಗೆ ಹೊಡೆಯದಂತೆ ಆಕೆ ಹತ್ತಿಯ ಉಂಡೆಯಲ್ಲಿ ಮುಖದ ಪೌಡರು ತೆಗೆದುಕೊಂಡು ವಾಲ್ವುಗಳಿಗೆ ತೆಳ್ಳಗೆ ಸವರುತ್ತಿದ್ದಳು. ತಿಂಗಳಿಗೆ ಎರಡು ಡಬ್ಬ ಮುಗಿಯುತ್ತಿತ್ತು.

“ನಿನ್ನ ಮದುವೇಲೂ ನೀನು ಇಷ್ಟು ಪೌಡರ್ ಹಾಕ್ಕೊಂಡಿರ್ಲಿಲ್ಲ ಬಿಡು,” ಎನ್ನುತ್ತಿದ್ದರು ಅತ್ತೆ.

ಅತ್ತೆಗೆ ಎಂಬತ್ತರ ಹತ್ತಿರ ವಯಸ್ಸು. ಕಿವಿ ಅರ್ಧ ಕೆಲಸ ಬಿಟ್ಟಿತ್ತು, ಕಣ್ಣು ಮಾತ್ರ ಸೂಜಿ. ಮೂರನೇ ಮಹಡಿಯ ತಾರಸಿಯಲ್ಲಿ ಒಡೆದ ಬಕೆಟ್ಟು, ತೂತಾದ ಡ್ರಮ್ಮುಗಳಲ್ಲಿ ಮಣ್ಣು ತುಂಬಿ ಬಳ್ಳಿಗಳನ್ನು ಬೆಳೆಸುವುದು ಅವರ ಕೆಲಸ. ಗಂಡ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ದಿನವಿಡೀ ಬೇರೆಯವರ ತಪ್ಪು ಹುಡುಕಿ ದಣಿದು ಬರುತ್ತಿದ್ದರಿಂದಲೋ ಏನೋ, ಮನೆಯಲ್ಲಿ ಯಾರ ತಪ್ಪನ್ನೂ ಎತ್ತಿ ಆಡುತ್ತಿರಲಿಲ್ಲ.

ಆ ವರ್ಷ ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದ. ಕೆಟ್ಟವನಲ್ಲ, ಆದರೆ ಅವಸರದವನು. ಎರಡನೇ ವಾರವೇ ಆಕೆಯನ್ನು ಕರೆಸಿ ಕೂರಿಸಿದ.

“ಇನ್ಮೇಲೆ ಕ್ಯಾಟಲಾಗಿಗೆ ಫೋಟೋ ಬೇಡ ಮೇಡಂ. ಡ್ರಾಯಿಂಗ್ ಕೊಟ್ರೆ ಕಂಪ್ಯೂಟರೇ ಚಿತ್ರ ಮಾಡುತ್ತೆ. ಮಾಲು ತಯಾರಾಗೋಕೆ ಮುಂಚೇನೇ ಚಿತ್ರ ರೆಡಿ ಇರುತ್ತೆ.”

“ಇಲ್ಲದೇ ಇರೋ ಮಾಲಿಗೆ ಚಿತ್ರಾನಾ ಸಾರ್?”

“ಅದೇ ಅದರ ಅನುಕೂಲ,” ಎಂದ ಅವನು, ಆಕೆ ಕೇಳಿದ್ದರಲ್ಲಿ ತಮಾಷೆ ಇದೆಯೆಂದು ಹೊಳೆಯದೆ. “ನಿಮ್ಮನ್ನ ವಾಪಸ್ ಮಾಲಿನ ವಿಭಾಗಕ್ಕೆ ಹಾಕಿದೀನಿ. ಅಲ್ಲಿ ರಿಪೋರ್ಟಿಗೆ ಫೋಟೋ ಬೇಕು. ನಿಮ್ಮ ಹಳೇ ಕೋಣೆ ಸ್ಟೋರ್ ಆಗೋವರೆಗೂ ಅದನ್ನೇ ಬಳಸ್ಕೊಳ್ಳಿ.”

ವಾಪಸ್ ಮಾಲಿನ ವಿಭಾಗವನ್ನು ಕೆಲಸಗಾರರು ‘ತವರುಮನೆ’ ಎನ್ನುತ್ತಿದ್ದರು. ಕೊಟ್ಟ ಕಡೆ ಬಾಳಲಾರದೆ ಹಿಂದಿರುಗಿದ ಪಂಪುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಅವನ್ನು ಬಿಚ್ಚಿ, ದೋಷ ಕಂಪನಿಯದೋ ಕೊಂಡವರದೋ ಎಂದು ತೀರ್ಮಾನಿಸಬೇಕು. ಬಿಚ್ಚುವ ಮುಂಚೆ ಒಂದು ಫೋಟೋ, ಬಿಚ್ಚಿದ ಮೇಲೆ ಒಂದು, ಅಷ್ಟೇ.

ಆ ಸಂಜೆ ಆಕೆ ತಾರಸಿ ಹತ್ತಿ ಹೋಗಿ ನೀರಿನ ಟ್ಯಾಂಕಿಗೆ ಒರಗಿ ನಿಂತಳು. ಅತ್ತೆ ಬಳ್ಳಿಗೆ ದಾರ ಕಟ್ಟುತ್ತಿದ್ದರು.

“ತವರುಮನೆಗೆ ಹಾಕಿದ್ದಾರೆ ಅತ್ತೆ.”

“ಒಳ್ಳೇದೇ ಆಯ್ತಲ್ಲ. ತವರುಮನೇಲಿ ಯಾರೂ ಕೆಲಸ ಹೇಳಲ್ಲ.”

ಆಕೆ ನಗಲಿಲ್ಲ. ಅತ್ತೆ ದಾರದ ಗಂಟು ಬಿಗಿದು, ಸೊಸೆಯ ಮುಖ ನೋಡಿ, ಅರ್ಧ ತುಂಬಿದ ನೀರಿನ ಚೆಂಬನ್ನು ಆಕೆಯ ಕೈಗಿತ್ತರು. ಇಬ್ಬರೂ ಸೇರಿ ಉಳಿದ ಬಳ್ಳಿಗಳಿಗೆ ನೀರು ಹಾಕಿದರು.

ತವರುಮನೆಯಲ್ಲಿ ಇದ್ದವನು ಒಬ್ಬನೇ ಫಿಟ್ಟರು, ಮೂವತ್ತೆಂಟು ವರ್ಷದ ಅನುಭವಿ. ಅವನು ಆಕೆಗೆ ಅಕ್ಕ ಎನ್ನುತ್ತಿದ್ದ, ಆಕೆ ಅವನಿಗೆ ಅಣ್ಣ ಎನ್ನುತ್ತಿದ್ದಳು. ಇಬ್ಬರಲ್ಲಿ ದೊಡ್ಡವರು ಯಾರು ಎಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ಮೊದಲ ಹತ್ತು ದಿನ ಆಕೆ ತುಕ್ಕು ಹಿಡಿದ ಶಾಫ್ಟು, ಸುಟ್ಟ ವೈರು, ಸವೆದ ಬೇರಿಂಗುಗಳನ್ನು ತೆಗೆದಳು. ಹನ್ನೊಂದನೆಯ ದಿನ ಬೆಳಿಗ್ಗೆ ಒಂದು ಮರದ ಪೆಟ್ಟಿಗೆ ಬಂತು. ಒಳಗೆ ಬೀಡುಕಬ್ಬಿಣದ ಹಳೆಯ ಪಂಪು. ಯಾವುದೋ ಮರದ ಬುಡದಲ್ಲಿ ಮೂರು ವರ್ಷ ಓಡದೆ ಕೂತಿತ್ತಂತೆ. ಈಗ ಚಾಲೂ ಮಾಡಿದರೆ ತಿರುಗುತ್ತಿಲ್ಲ ಎಂದು ದೂರು.

ಫಿಟ್ಟರು ಬೋಲ್ಟುಗಳನ್ನು ಬಿಚ್ಚಿದ. ಕವಚದ ಎರಡು ಹೋಳುಗಳು ಬಿಡಿಸಿಕೊಳ್ಳಲಿಲ್ಲ. ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿದ. ಉಳಿ ತೂರಿಸಿ ಮೀಟಿದ. ಕೊನೆಗೆ ಮೇಲಿನ ಹೋಳು ಒದ್ದೆ ಸದ್ದು ಮಾಡಿ ಎದ್ದು ಬಂತು.

ಒಳಗೆ ಇನ್ನೊಂದು ಪಂಪು ಇತ್ತು.

ಬೇರಿನ ಪಂಪು. ಕೆಳಗಿನ ತೂತಿನಿಂದ ಪೆನ್ಸಿಲ್ಲಿನಷ್ಟು ದಪ್ಪದ ಒಂದು ಬೇರು ಒಳಗೆ ನುಗ್ಗಿ, ಕೂದಲಿನಂಥ ಸಾವಿರಾರು ಎಳೆಗಳಾಗಿ ಒಡೆದು, ಇದ್ದಬದ್ದ ಜಾಗವನ್ನೆಲ್ಲ ತುಂಬಿತ್ತು. ನೀರು ಸುತ್ತಿ ಬರುವ ಬಸವನಹುಳುವಿನಂಥ ದಾರಿ, ಚಕ್ರದ ಬಾಗಿದ ರೆಕ್ಕೆಗಳ ನಡುವಿನ ಸಂದು, ಒಳಗೋಡೆಯ ಸಣ್ಣ ಉಬ್ಬು ತಗ್ಗು, ಒಂದನ್ನೂ ಬಿಟ್ಟಿರಲಿಲ್ಲ. ಫಿಟ್ಟರು ಎರಡು ಕೈಯಿಂದ ಮೆಲ್ಲಗೆ ಎತ್ತಿದ. ಇಡೀ ಮುದ್ದೆ ಆಕಾರ ಕೆಡದೆ ಹೊರಬಂತು. ಕೆನೆ ಬಣ್ಣ, ಅಲ್ಲಲ್ಲಿ ತುಕ್ಕಿನ ಕೆಂಪು, ಅಗೆದ ಮಣ್ಣಿನ ವಾಸನೆ.

“ಬರ್ಕೊಳ್ಳಿ ಅಕ್ಕ. ಕಾರಣ, ಬೇರು. ಕಂಪನಿ ತಪ್ಪಲ್ಲ,” ಎನ್ನುತ್ತ ಅವನು ಅದನ್ನು ಕಸದ ಡಬ್ಬದ ಕಡೆ ಒಯ್ದ.

“ತಡೀರಿ ಅಣ್ಣ. ಅದನ್ನ ಹಾಗೇ ನನ್ನ ಕೋಣೆಗೆ ತನ್ನಿ. ಕವಚಾನೂ ತನ್ನಿ.”

ಆಕೆ ಬಿಳಿ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟಳು. ಎಡಕ್ಕೆ ಬೇರು, ಬಲಕ್ಕೆ ಬೀಡು. ಎರಡೂ ದೀಪ ಹಚ್ಚಿ ತೆಗೆದಳು. ನೋಡಿದರೆ ಚಿತ್ರ ಸತ್ತಿತ್ತು. ಬೇರು ಕೊಳೆ ಹತ್ತಿಯ ಹಾಗೆ, ಕಬ್ಬಿಣ ರಟ್ಟಿನ ಹಾಗೆ. ದೀಪದ ಎತ್ತರ ಬದಲಿಸಿದಳು, ಕಾಗದ ಎರಡು ಪದರ ಮಾಡಿದಳು, ಕ್ಯಾಮೆರಾ ತಗ್ಗಿಸಿದಳು. ಒಂದೂವರೆ ಗಂಟೆ ಹೋಯಿತು. ಆಗ ಕಣ್ಣಿಗೆ ಬಿತ್ತು: ದೀಪದ ಕಾವಿಗೆ ಬೇರಿನ ಅಂಚು ಒಣಗಿ ಸುರುಟಿಕೊಳ್ಳುತ್ತಿದೆ. ಇನ್ನೊಂದು ಗಂಟೆ ಹೋದರೆ ಆಕಾರವೇ ಉಳಿಯುವುದಿಲ್ಲ.

ದೀಪ ಆರಿಸಿದಳು. ಬಾಟಲಿಯ ನೀರನ್ನು ಬೆರಳಿನಿಂದ ಚಿಮುಕಿಸಿದಳು. ಆಮೇಲೆ ಕಿಟಕಿಯ ಹತ್ತಿರ ಹೋಗಿ ಕಪ್ಪು ಬಟ್ಟೆಯ ಒಂದು ಮೂಲೆ ಹಿಡಿದು ಎಳೆದಳು. ಮೊಳೆಗಳು ಗಾರೆಯ ಸಮೇತ ಕಿತ್ತು ಬಂದವು. ಧೂಳಿಗೆ ನಾಲ್ಕು ಸಲ ಸೀನಿದಳು.

ಧೂಳು ಇಳಿದ ಮೇಲೆ ತಿರುಗಿ ನೋಡಿದಳು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಮೇಜಿನ ಮೇಲೆ ನೆರಳು ಬಿದ್ದಿತ್ತು. ಒಂದೇ ಪಕ್ಕದಿಂದ ಬಂದ ತಣ್ಣನೆಯ ಬೆಳಕು ಬೇರಿನ ಒಂದೊಂದು ಎಳೆಯನ್ನೂ ಬಿಡಿಸಿ ತೋರಿಸುತ್ತಿತ್ತು. ಕವಚದ ಟೊಳ್ಳು ಕಪ್ಪಗೆ, ಆಳವಾಗಿ, ಈಗಷ್ಟೇ ಯಾರೋ ಎದ್ದು ಹೋದ ಹಾಸಿಗೆಯ ಹಾಗೆ ಇತ್ತು.

ಕವಚವನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿದಳು. ನೆರಳಿನ ಕಡೆ ಒಂದು ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ ಸ್ವಲ್ಪವೇ ಬೆಳಕನ್ನು ವಾಪಸ್ ಕಳಿಸಿದಳು. ಹೊರಗೆ ಮೋಡ ಬಂತು, ಹೋಯಿತು. ಮತ್ತೆ ಬರಲಿ ಎಂದು ಕಾದಳು. ಮೋಡ ಅರ್ಧ ಸರಿದ ಗಳಿಗೆಯಲ್ಲಿ ಒತ್ತಿದಳು. ಒಟ್ಟು ಹನ್ನೊಂದು. ಒಂಬತ್ತನೆಯದು ಸರಿಯಾಗಿತ್ತು. ಸರಿಯಾಗಿದೆ ಎಂದು ಒತ್ತುವಾಗಲೇ ಗೊತ್ತಾಗಿತ್ತು.

ಫಿಟ್ಟರನ್ನು ಕರೆದು ತೋರಿಸಿದಳು. ಅವನು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದ.

“ನನ್ನ ಆಯುಷ್ಯವೆಲ್ಲಾ ಈ ಪಂಪನ್ನೇ ಬಿಚ್ಚಿದೀನಿ ಅಕ್ಕ. ಇದರ ಹೊಟ್ಟೆ ಹೀಗಿದೆ ಅಂತ ಇವತ್ತು ಗೊತ್ತಾಯ್ತು ನೋಡಿ.”

ಮ್ಯಾನೇಜರಿಗೆ ಅದು ಹಿಡಿಸಲಿಲ್ಲ. “ಮೇಡಂ, ನಾನು ಕೇಳಿದ್ದು ಪುರಾವೆ. ನೀವು ಕೊಟ್ಟಿರೋದು ಗೋಡೆಗೆ ಹಾಕೋ ಚಿತ್ರ. ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು, ಚೆನ್ನಾಗಿ ಬೆಳಕು ಬಿಟ್ಟು ತೆಗೆದುಕೊಡಿ.” ಆಕೆ ಅದನ್ನೂ ಕೊಟ್ಟಳು. ಅಂದಿನಿಂದ ಕಂಪನಿಗೆ ಎರಡು ಚಿತ್ರ, ತನಗೊಂದು. ಊಟದ ಬಿಡುವಿನಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ ಎಂದು ಮ್ಯಾನೇಜರ್ ಕೈ ಆಡಿಸಿದ. ಆಕೆ ಅದನ್ನೇ ಅಪ್ಪಣೆ ಎಂದುಕೊಂಡಳು. ಬೇರನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಳು.

ಒಮ್ಮೆ ಕಣ್ಣು ಬಿದ್ದ ಮೇಲೆ ತವರುಮನೆ ತುಂಬ ಅಂಥವೇ ಸಿಗತೊಡಗಿದವು. ಹಿತ್ತಾಳೆಯ ನಳಿಕೆಯೊಳಗೆ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು, ಐದು ಪುಟ್ಟ ಮಡಕೆ ಜೋಡಿಸಿಟ್ಟಂತೆ. ನೀರಿನ ಮೀಟರಿನ ಗಾಜಿನ ಕೆಳಗೆ, ಸೊನ್ನೆಯ ಮೇಲೆ ಸರಿಯಾಗಿ ಕೂತು ಒಣಗಿದ ಬಸವನಹುಳು. ಸುಣ್ಣದ ನೀರು ಪದರ ಪದರವಾಗಿ ಕಟ್ಟಿ, ಅಡ್ಡ ಕೊಯ್ದರೆ ಮರದ ದಿಮ್ಮಿಯ ಹಾಗೆ ಸುತ್ತುಗಳು ಕಾಣುವ ಒಂದು ಪೈಪು. ನೀರಿನಲ್ಲಿ ಮುಳುಗಿದ ಅರ್ಧಕ್ಕೆ ಮಾತ್ರ ಪಾಚಿ ಹಿಡಿದ, ಟ್ಯಾಂಕಿನ ವಾಲ್ವಿಗೆ ಕಟ್ಟಿ ತೇಲಿಬಿಡುವ ಪ್ಲಾಸ್ಟಿಕ್ ಚೆಂಡು. ಪ್ರತಿಯೊಂದರ ಪಕ್ಕದಲ್ಲಿ ಆಕೆ ಅದೇ ನಂಬರಿನ ಹೊಸ ಭಾಗವನ್ನು ಇಡುತ್ತಿದ್ದಳು. ಹೊಸದಕ್ಕೆ ಪೌಡರು ಹಚ್ಚುವುದನ್ನು ಬಿಟ್ಟಳು. ಹೊಳೆಯುವುದು ಹೊಳೆಯಲಿ. ಫಿಟ್ಟರು ಈಗ ಏನನ್ನೂ ಕಸಕ್ಕೆ ಹಾಕುತ್ತಿರಲಿಲ್ಲ. “ಅಕ್ಕ, ಇವತ್ತು ಒಂದು ಜೇಡ ಬಂದಿದೆ, ಮೋಟಾರ್ ಸಮೇತ,” ಎಂದು ಬಾಗಿಲಲ್ಲಿ ಕಾಯುತ್ತಿದ್ದ. ಕೋಣೆಯನ್ನು ಸ್ಟೋರು ಮಾಡುವ ಕೆಲಸ ಯಾಕೋ ಮುಂದಕ್ಕೆ ಹೋಗುತ್ತಲೇ ಇತ್ತು.

ಒಂದು ಭಾನುವಾರ ಆಕೆ ಆ ಚಿತ್ರಗಳನ್ನೆಲ್ಲ ಅತ್ತೆಗೆ ತೋರಿಸಿದಳು. ಅತ್ತೆ ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡಿದರು.

“ಚೆನ್ನಾಗಿವೆ. ಆದ್ರೆ ಎಲ್ಲಾ ಆಗಿಹೋಗಿದ್ದನ್ನೇ ತೆಗೀತೀಯಲ್ಲೇ. ಆಗ್ತಾ ಇರೋದನ್ನ ತೆಗಿ.”

“ಆಗ್ತಾ ಇರೋದು ಕಾರ್ಖಾನೆಗೆ ವಾಪಸ್ ಬರಲ್ಲ ಅತ್ತೆ.”

“ಹಾಗಾದ್ರೆ ಇಲ್ಲೇ ಮಾಡೋಣ. ನಿಮ್ಮಲ್ಲಿ ಒಂದು ಬಳೆ ಸಿಗುತ್ತಾ ನೋಡು. ಗಟ್ಟಿದು, ಒಡೀಬಾರದು.”

ಫಿಟ್ಟರು ಗುಜರಿಯಿಂದ ಪಂಪಿನ ಚಕ್ರದ ಸುತ್ತ ಕೂರುವ ಒಂದು ಹಿತ್ತಾಳೆಯ ಉಂಗುರ ಆರಿಸಿ, ಉಜ್ಜಿ ತೊಳೆದು ಕೊಟ್ಟ. ಅತ್ತೆ ಅದನ್ನು ಹೆಬ್ಬೆರಳಿನಷ್ಟಿದ್ದ ಸೋರೆಯ ಹೀಚಿಗೆ ತೊಡಿಸಿ, ಜಾರದಂತೆ ದಾರ ಕಟ್ಟಿ ತೂಗುಹಾಕಿದರು. ಮೊದಲ ವಾರ ಉಂಗುರ ಸಡಿಲವಾಗಿ ಜೋತಾಡಿತು. ಎರಡನೆಯ ವಾರ ಕಾಯಿ ಅದನ್ನು ತುಂಬಿತು. ಆಮೇಲೆ ಮೇಲೂ ಕೆಳಗೂ ಉಬ್ಬತೊಡಗಿತು. ಆಕೆ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅದೇ ಜಾಗದಲ್ಲಿ ಸ್ಟ್ಯಾಂಡು ಊರಿ ಒಂದು ಚಿತ್ರ ತೆಗೆಯುತ್ತಿದ್ದಳು. ಹಿತ್ತಾಳೆ ಕಾಯಿಯ ಮೈಯೊಳಗೆ ಹೂತುಹೋಗುತ್ತಿರುವುದನ್ನು ಕಂಡು ಒಂದು ದಿನ ಹೆದರಿದಳು.

“ಅತ್ತೆ, ಒಡೆದುಹೋದ್ರೆ?”

“ಒಡೆಯಲ್ಲ. ಸೋರೆಕಾಯಿಗೆ ಸೊಂಟ ಇರಲಿಲ್ಲ, ನಾವು ಕೊಟ್ವಿ. ಈಗ ಅದಕ್ಕೇ ಒಂದು ಬಿಗುಮಾನ ಬಂದಿದೆ ನೋಡು.”

ಕಾಯಿ ತುಂಬಿ ನಿಂತ ದಿನ, ತಾರಸಿಯ ಸಿಮೆಂಟು ಕಟ್ಟೆಯ ಮೇಲೆ ಹೊಸ ಉಂಗುರಗಳ ಸಾಲೊಂದನ್ನು ಇಟ್ಟು, ಅವುಗಳ ಕೊನೆಯಲ್ಲಿ ಹಿತ್ತಾಳೆ ತೊಟ್ಟ ಆ ಹಸಿರು ಕಾಯಿಯನ್ನು ಇಳಿಬಿಟ್ಟು ತೆಗೆದಳು. ಆಮೇಲೆ ಅತ್ತೆ ಅದನ್ನು ಕೊಯ್ಯಗೊಡಲಿಲ್ಲ. ಬಳ್ಳಿಯಲ್ಲೇ ಬಲಿತು ಒಣಗಿ ಬುರುಡೆಯಾಗಲಿ ಎಂದರು.

ಗಂಡ ಒಂದು ಸಂಜೆ ಮುದ್ರಣಾಲಯದಿಂದ ಒಂದು ಕರಡು ಹಾಳೆ ತಂದು ಆಕೆಯ ಮುಂದೆ ಇಟ್ಟ. ಛಾಯಾಚಿತ್ರಕಾರರ ಸಂಘದ ವಾರ್ಷಿಕ ಸ್ಪರ್ಧೆಯ ಪ್ರಕಟಣೆ. ಈ ಸಲದ ವಿಷಯ, ಅಲುಗಾಡದ ವಸ್ತುಗಳು: ಮನುಷ್ಯ ಮಾಡಿದ್ದು ಮತ್ತು ಮಣ್ಣು ಮಾಡಿದ್ದು.

“ಇದರಲ್ಲಿ ಮೂರು ಅಕ್ಷರ ತಪ್ಪಿತ್ತು. ತಿದ್ದಿದೆ. ಆಮೇಲೆ ನಿಂತು ಇನ್ನೊಂದ್ಸಲ ಓದಿದೆ,” ಎಂದ. “ಕಳಿಸು.”

ಅವನು ಯಾರಿಗೂ ಏನನ್ನೂ ಮಾಡು ಎಂದು ಹೇಳುವವನಲ್ಲ. ಆಕೆ ಆರು ಚಿತ್ರ ಕಳಿಸಿದಳು.

ತಿಂಗಳಾದ ಮೇಲೆ ಪತ್ರ ಬಂತು. ಒಳ್ಳೆಯ ಪತ್ರವಲ್ಲ. ‘ಬೇರು ಮತ್ತು ಸೋರೆಕಾಯಿಯ ಚಿತ್ರಗಳು ಕಂಪ್ಯೂಟರಿನಲ್ಲಿ ಜೋಡಿಸಿದವು ಎಂದು ತೀರ್ಪುಗಾರರಿಗೆ ಸಂಶಯವಿದೆ. ಶನಿವಾರ ಹತ್ತು ಗಂಟೆಗೆ ಬಂದು ವಿವರಣೆ ಕೊಡಬೇಕು. ತಪ್ಪಿದರೆ ಆರೂ ಚಿತ್ರಗಳನ್ನು ತಿರಸ್ಕರಿಸಲಾಗುವುದು.’

ಆಕೆ ಪತ್ರವನ್ನು ಎರಡು ಸಲ ಓದಿದಳು. ಸಿಟ್ಟು ಬಂದರೆ ಆಕೆಯ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು.

“ನನ್ನ ಕೆಲಸ ಕಿತ್ಕೊಂಡಿದ್ದೂ ಕಂಪ್ಯೂಟರು. ಈಗ ನಾನು ತೆಗೆದಿದ್ದನ್ನೂ ಅದೇ ಮಾಡಿದೆ ಅಂತಾರೆ.”

“ಏನಂತೆ?” ಎಂದರು ಅತ್ತೆ. ಗಂಡ ಅವರ ಕಿವಿಯ ಹತ್ತಿರ ಬಾಗಿ ಹೇಳಿದ. ಅತ್ತೆ ಎದ್ದು ಚಪ್ಪಲಿ ಹುಡುಕತೊಡಗಿದರು.

“ಶನಿವಾರ ಅಮ್ಮಾ, ಇವತ್ತಲ್ಲ.”

“ಶನಿವಾರಕ್ಕೇ ಹುಡುಕ್ತಾ ಇದೀನಿ. ಕಿತ್ತುಹೋಗಿದ್ರೆ ಹೊಲಿಸಬೇಕಲ್ಲ.”

ಶನಿವಾರ ಬೆಳಿಗ್ಗೆ ನಾಲ್ವರೂ ಬಸ್ಸು ಹತ್ತಿದರು. ಫಿಟ್ಟರು ರಜೆ ಹಾಕಿ ಬಂದಿದ್ದ. ಪಂಪಿನ ಕವಚವನ್ನು ಮ್ಯಾನೇಜರನ್ನು ಕೇಳಿಯೇ ಗೋಣಿಚೀಲದಲ್ಲಿ ಹೊತ್ತು ತಂದಿದ್ದ. ಗಂಡನ ಕೈಯಲ್ಲಿ ಸ್ಟ್ಯಾಂಡು, ಆಕೆಯ ಮಡಿಲಲ್ಲಿ ಕ್ಯಾಮೆರಾ ಮತ್ತು ಪತ್ರಿಕೆಯಲ್ಲಿ ಸುತ್ತಿದ ಬೇರು. ಅತ್ತೆ ಒಣಗಿದ ಸೋರೆ ಬುರುಡೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಗುವಿನಂತೆ ಎದೆಗೊತ್ತಿಕೊಂಡಿದ್ದರು. ಬಸ್ಸು ಕುಲುಕಿದಾಗಲೆಲ್ಲ ಒಳಗಿನ ಬೀಜಗಳು ಗಲಗಲ ಎನ್ನುತ್ತಿದ್ದವು.

“ಏನಜ್ಜಿ ಅದು, ವಾದ್ಯಾನಾ?” ಎಂದು ಪಕ್ಕದವನು ಕೇಳಿದ.

“ಸಾಕ್ಷಿ ಕಣಪ್ಪಾ,” ಎಂದರು ಅತ್ತೆ.

ಸಂಘದ ಸಭಾಂಗಣದಲ್ಲಿ ಉದ್ದನೆಯ ಮೇಜಿನ ಹಿಂದೆ ಮೂವರು ತೀರ್ಪುಗಾರರು. ಗಡ್ಡದವನೊಬ್ಬ, ದಪ್ಪ ಕನ್ನಡಕದ ಹೆಂಗಸೊಬ್ಬಳು, ನಡುವೆ ಏನೂ ಮಾತಾಡದ ವಯಸ್ಸಾದವರೊಬ್ಬರು. ಮಾತೆಲ್ಲ ಗಡ್ಡದವನದೇ.

“ನೋಡಿ, ನಿಮ್ಮನ್ನ ಅವಮಾನ ಮಾಡೋ ಉದ್ದೇಶ ಇಲ್ಲ. ಆದರೆ ಈ ಚಿತ್ರಗಳು ತೀರಾ ಅಚ್ಚುಕಟ್ಟಾಗಿವೆ. ಪ್ರಕೃತೀಲಿ ಹೀಗೆ ಯಾವುದೂ ಇರಲ್ಲ.”

ಆಕೆ ಅತ್ತೆಯ ಕಡೆ ನೋಡಿದಳು. ಅತ್ತೆ ಸೀರೆ ಬಿಚ್ಚಿ ಬುರುಡೆಯನ್ನು ಅವನ ಮುಂದೆ ಇಟ್ಟರು. ಹಸಿರು ಹೋಗಿ ಕಂದು ಬಂದಿತ್ತು, ಹಿತ್ತಾಳೆ ಸ್ವಲ್ಪ ಕಪ್ಪಾಗಿತ್ತು, ಆದರೆ ಅದೇ ಸೊಂಟ, ಅದೇ ಉಂಗುರ.

“ಬಳೆ ಬಿಚ್ಚಪ್ಪಾ,” ಎಂದರು ಅತ್ತೆ.

ಗಡ್ಡದವನು ಮೇಲಿನಿಂದ ಎಳೆದ, ಕೆಳಗಿನಿಂದ ಎಳೆದ. ತಿರುಗಿಸಿ ನೋಡಿದ. ಉಂಗುರದಲ್ಲಿ ಬೆಸುಗೆ ಇದೆಯೇ ಎಂದು ಉಗುರಿನಿಂದ ಗೀರಿದ. ಬುರುಡೆಯಲ್ಲಿ ಅಂಟು ಹಾಕಿದ ಗೆರೆ ಇದೆಯೇ ಎಂದು ಹುಡುಕಿದ. ಕನ್ನಡಕದ ಹೆಂಗಸು ಅದನ್ನು ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನಕ್ಕಳು.

“ಸರಿ, ಇದು ಒಪ್ಪಿದೆ,” ಎಂದ ಅವನು. “ಆ ಬೇರು?”

ಫಿಟ್ಟರು ಗೋಣಿಚೀಲದಿಂದ ಕವಚದ ಹೋಳು ತೆಗೆದು ಧಪ್ಪೆಂದು ಇಟ್ಟ. ಮೇಜಿನ ಮೇಲಿನ ಲೋಟಗಳು ಕುಣಿದವು. ಆಕೆ ಪತ್ರಿಕೆ ಬಿಡಿಸಿದಳು. ಬೇರು ಒಣಗಿ ಮುಕ್ಕಾಲು ಭಾಗ ಆಗಿತ್ತು, ಗೋಧಿ ಬಣ್ಣ ಬಂದಿತ್ತು.

“ಬೇರು ಈ ಕವಚದಷ್ಟು ದೊಡ್ಡದಿಲ್ಲವಲ್ಲ,” ಎಂದ ಗಡ್ಡದವನು.

“ಹಸಿ ಇದ್ದಾಗ ಇತ್ತು ಸಾರ್. ಒಣಗಿದ ಮೇಲೆ ಕುಗ್ಗಿದೆ.”

ಕನ್ನಡಕದ ಹೆಂಗಸು ಬೇರಿನ ಮುದ್ದೆಯನ್ನು ತಿರುವಿ ಕಣ್ಣು ಕಿರಿದಾಗಿಸಿದಳು. “ಇಲ್ಲಿ ಏನೋ ಬರೆದಿದೆ.” ಫೋಟೋ ಅಕ್ಕನೂ ಬಾಗಿ ನೋಡಿದಳು. ಇಷ್ಟು ತಿಂಗಳು ಅದು ಆಕೆಯ ಕಣ್ಣಿಗೂ ಬಿದ್ದಿರಲಿಲ್ಲ. ಎರಕ ಹೊಯ್ಯುವಾಗ ಕವಚದ ಒಳಗೋಡೆಯಲ್ಲಿ ಉಬ್ಬಿ ಬಂದ ನಾಲ್ಕು ಅಂಕಿಗಳ ನಂಬರು ಬೇರಿನ ಮೈಮೇಲೆ ತಿರುಗುಮುರುಗಾಗಿ ಒತ್ತಿಕೊಂಡಿತ್ತು. ಫಿಟ್ಟರು ಕವಚದಲ್ಲಿ ಅದೇ ನಂಬರಿನ ಮೇಲೆ ಬೆರಳಿಟ್ಟು ತೋರಿಸಿದ. ಅವನ ಮುಖದಲ್ಲಿ ಮಗಳ ಹೆರಿಗೆಯಾದ ಸುದ್ದಿ ಕೇಳಿದವನ ಕಳೆ ಇತ್ತು.

ಗಡ್ಡದವನು ಸೋಲೊಪ್ಪುವ ಪೈಕಿಯವನಲ್ಲ. “ವಸ್ತು ನಿಜ ಇರಬಹುದು. ಆದರೆ ಈ ಬೆಳಕು? ದೊಡ್ಡ ಸ್ಟುಡಿಯೋದಲ್ಲಿ ನಾಲ್ಕು ದೀಪ ಇದ್ದೋರಿಗೇ ಇದು ಕಷ್ಟ. ಒಂದು ಕಿಟಕಿ ಅಂತ ಬರೆದಿದ್ದೀರಿ.”

ಆಕೆ ಸಭಾಂಗಣದ ಸುತ್ತ ಕಣ್ಣಾಡಿಸಿದಳು.

“ನಿಮ್ಮಲ್ಲಿ ಕಿಟಕಿ ಇದೆಯಾ ಸಾರ್?”

ಇತ್ತು. ವೇದಿಕೆಯ ಪಕ್ಕದಲ್ಲಿ, ಪರದೆ ಎಳೆದ ಒಂದು ಎತ್ತರದ ಕಿಟಕಿ. ಆಕೆ ಕೇಳಿದ್ದು ಒಂದು ಮೇಜು, ಒಂದು ದೊಡ್ಡ ಬಿಳಿ ಹಾಳೆ ಮತ್ತು ನಲವತ್ತು ನಿಮಿಷ. ಗಂಡ ಸ್ಟ್ಯಾಂಡು ಬಿಡಿಸಿದ. ಫಿಟ್ಟರು ಕಬ್ಬಿಣ ಎತ್ತಿ ಹೇಳಿದ ಕಡೆ ಇಟ್ಟ, ಮತ್ತೆ ಎತ್ತಿದ, ಮತ್ತೆ ಇಟ್ಟ. ಆಕೆ ಪರದೆಯನ್ನು ಪೂರ್ತಿ ತೆರೆದು, ಮತ್ತೆ ಅರ್ಧ ಎಳೆದು, ಮೇಜಿನ ಮೇಲೆ ಬಿದ್ದ ಬೆಳಕನ್ನು ನೋಡುತ್ತ ನಿಂತಳು. ಹಳೆಯ ಚಿತ್ರವನ್ನೇ ಮತ್ತೆ ಮಾಡಿ ತೋರಿಸಬೇಕೆಂದು ಹೊರಟಿದ್ದವಳು ಆಗ ಮನಸ್ಸು ಬದಲಿಸಿದಳು. ಈ ಬೇರು ಆಗಿನ ಬೇರಲ್ಲ. ಇದನ್ನು ಆಗಿನದೆಂದು ತೋರಿಸುವುದು ಸುಳ್ಳು.

ಒಣಗಿದ ಬೇರನ್ನು ಎರಡು ಕೈಯಲ್ಲಿ ಎತ್ತಿ ಕವಚದ ಟೊಳ್ಳಿನೊಳಗೇ ವಾಪಸ್ ಮಲಗಿಸಿದಳು. ಅದೀಗ ಸಡಿಲವಾಗಿ ಕೂತಿತು. ಬೇರಿಗೂ ಕಬ್ಬಿಣಕ್ಕೂ ನಡುವೆ ಸುತ್ತಲೂ ಒಂದು ಬೆರಳಿನಷ್ಟು ಕಪ್ಪು ಸಂದು. ಕಿಟಕಿಯ ಬೆಳಕು ಬೇರಿನ ಮೇಲೆ ಬಿದ್ದು ಆ ಸಂದಿನಲ್ಲಿ ನಿಂತುಹೋಯಿತು.

ಸಭಾಂಗಣದಲ್ಲಿ ಕೆಲಸಕ್ಕಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು ಹಿಂದೆ ನಿಂತಿದ್ದರು. ಆಕೆಗೆ ಅದರ ಪರಿವೆ ಇರಲಿಲ್ಲ. ಬಿಳಿ ಹಾಳೆಯನ್ನು ಗಂಡನ ಕೈಗೆ ಕೊಟ್ಟು, “ಹಿಂದೆ. ಇನ್ನೂ ಹಿಂದೆ. ಸಾಕು, ಉಸಿರು ಬಿಡಬೇಡಿ,” ಎಂದಳು. ಮೂರೇ ಮೂರು ಸಲ ಒತ್ತಿದಳು.

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯನ್ನು ಗಡ್ಡದವನು ನೋಡಿದ. ಆಮೇಲೆ ಕ್ಯಾಮೆರಾವನ್ನು ನಡುವೆ ಕೂತಿದ್ದ ಹಿರಿಯರ ಕಡೆ ಸರಿಸಿದ. ಅವರು ಕ್ಯಾಮೆರಾ ನೋಡಿದರು, ಮೇಜಿನ ಮೇಲಿನ ಪಂಪು ನೋಡಿದರು, ಕಿಟಕಿ ನೋಡಿದರು.

“ಇದನ್ನೂ ಸೇರಿಸ್ಕೊಳ್ಳಿ. ಏಳು,” ಎಂದರು. ಬೆಳಗಿನಿಂದ ಅವರಾಡಿದ್ದು ಅದೊಂದೇ ಮಾತು.

ಗಡ್ಡದವನು ಎದ್ದು ಮೇಜು ಸುತ್ತಿ ಬಂದು ಆಕೆಗೆ ಕೈ ಮುಗಿದ. “ತಪ್ಪಾಯ್ತು ಅಮ್ಮಾ. ಇದನ್ನ ಹೇಗೆ ಮಾಡಿದ್ರಿ ಅಂತ ಹೇಳಿಕೊಡ್ತೀರಾ?”

“ನೋಡಿದ್ರಲ್ಲ ಸಾರ್, ಇಷ್ಟೇ,” ಎಂದಳು ಆಕೆ.

ಮೊದಲ ಬಹುಮಾನ ಆಕೆಗೇ ಬಂತು. ಪ್ರದರ್ಶನದಲ್ಲಿ ಒಂದು ಇಡೀ ಗೋಡೆ ಆಕೆಯ ಏಳು ಚಿತ್ರಗಳಿಗೆ. ಬೇರಿನದನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ನಡುವೆ ಹಾಕಿದ್ದರು. ಮೊದಲ ದಿನ ಮಧ್ಯಾಹ್ನ ಕಾರ್ಖಾನೆಯ ಬಸ್ಸೇ ಬಂದು ನಿಂತಿತು. ಎರಕದವರು, ಪ್ಯಾಕಿಂಗಿನವರು, ಕ್ಯಾಂಟೀನಿನವರು ಸಾಲಾಗಿ ಇಳಿದರು. ತಾವು ದಿನವೂ ಕೈಯಲ್ಲಿ ಹಿಡಿಯುವ ನಳಿಕೆ, ಉಂಗುರ, ಮೀಟರು ಗೋಡೆಯ ಮೇಲೆ ದೊಡ್ಡ ಮನುಷ್ಯರ ಚಿತ್ರದಂತೆ ತೂಗುತ್ತಿರುವುದನ್ನು ಕಂಡು ಎಲ್ಲರೂ ಗೋಡೆಗೆ ಮುತ್ತಿಕೊಂಡರು. ಆಮೇಲೆ ಒಬ್ಬರು, ಇದು ಎರಡೂವರೆ ಇಂಚಿನದು ಎಂದರು. ಇನ್ನೊಬ್ಬರು ಅಲ್ಲ, ಮೂರಿಂಚಿನದು ಎಂದರು. ಮೂರನೆಯವರು, ಅದರ ಎರಕ ಹೊಯ್ದವನೇ ನಾನು, ನನಗೆ ಹೇಳಿಕೊಡಬೇಡಿ ಎಂದರು. ಗಲಾಟೆ ಎಷ್ಟಾಯಿತೆಂದರೆ ಸಂಘದವರು ಬಂದು ಮೆಲ್ಲಗೆ ಮಾತಾಡಿ ಎಂದು ಬೇಡಿಕೊಂಡರು. ಎರಕದ ಆ ಮನುಷ್ಯ ಮಾತ್ರ ಬೇರಿನ ಚಿತ್ರದ ಮುಂದಿನಿಂದ ಕದಲಲಿಲ್ಲ. ತನ್ನ ಕೈಯ ಕೆಲಸಕ್ಕೆ ಇಷ್ಟು ನಿಧಾನವಾಗಿ ಯಾರೂ ಬೆಳಕು ಹಿಡಿದಿರಲಿಲ್ಲ ಎಂದು ಆಮೇಲೆ ಫಿಟ್ಟರ ಹತ್ತಿರ ಹೇಳಿಕೊಂಡನಂತೆ.

ಮ್ಯಾನೇಜರ್ ಕೊನೆಯಲ್ಲಿ ಬಂದ. ಗೋಡೆಯ ಉದ್ದಕ್ಕೂ ಎರಡು ಸಲ ನಡೆದ.

“ಮೇಡಂ, ಈ ವರ್ಷದ ಕ್ಯಾಟಲಾಗಿನ ರಕ್ಷಾಪುಟಕ್ಕೆ ಇದು ಬೇಕು. ಒಳಗೂ ಪ್ರತಿ ಅಧ್ಯಾಯಕ್ಕೆ ಒಂದೊಂದು.”

“ಕೊಡ್ತೀನಿ ಸಾರ್. ನನ್ನ ಕೋಣೆ ನನಗೇ ಇರಬೇಕು. ಚಿತ್ರದ ಕೆಳಗೆ ನನ್ನ ಹೆಸರು ಇರಬೇಕು. ಬಿಚ್ಚಿದವರದ್ದೂ.”

“ಬಿಚ್ಚಿದವರು ಅಂದ್ರೆ?”

ಆಕೆ ಫಿಟ್ಟರ ಕಡೆ ತೋರಿಸಿದಳು. ಅವನು ಅಷ್ಟು ಹೊತ್ತಿಗೆ ಆಗಲೇ ಶುಭ್ರವಾಗಿದ್ದ ಕನ್ನಡಕವನ್ನು ಒರೆಸುತ್ತಿದ್ದ. ಮ್ಯಾನೇಜರ್, “ಆಯ್ತು. ಬರೆದುಕೊಡ್ತೀನಿ,” ಎಂದ. ಆಮೇಲೆ ದನಿ ತಗ್ಗಿಸಿ, “ಆ ಮೊದಲನೇ ರಿಪೋರ್ಟ್ ಫೋಟೋ ನಾನು ವಾಪಸ್ ಕಳಿಸಿದ್ದು ಯಾರಿಗೂ ಹೇಳಬೇಡಿ,” ಎಂದು ನಕ್ಕ. ಆಕೆಯೂ ನಕ್ಕಳು. ಗೆದ್ದವರಿಗೆ ಅಷ್ಟು ಧಾರಾಳ ಕಷ್ಟವಲ್ಲ.

ಜನ ಕರಗಿದ ಮೇಲೆ ಒಬ್ಬ ಹೆಂಗಸು ಹತ್ತಿರ ಬಂದಳು. ರೈಲ್ವೆಯ ನೀಲಿ ಅಂಗಿ, ಕೈಯಲ್ಲಿ ಊಟದ ಡಬ್ಬಿ. ಹಳಿ ನೋಡಿಕೊಳ್ಳುವ ತಂಡದವಳಂತೆ, ಕೆಲಸ ಮುಗಿಸಿ ನೇರವಾಗಿ ಬಂದಿದ್ದಳು.

“ಅಕ್ಕ, ನಮ್ಮ ಕಡೆ ಒಂದು ಹಳೇ ಸಿಗ್ನಲ್ ಪೆಟ್ಟಿಗೆ ಇದೆ. ಅದರೊಳಗೆ ಜೇನು ಕಟ್ಟಿದೆ. ಕೆಂಪು ಗಾಜಿನ ಹಿಂದೆ ಪೂರ್ತಿ ತುಂಬಿದೆ. ಬರೋ ವಾರ ಕಂಬ ಕೀಳ್ತಾರೆ. ಅಷ್ಟರಲ್ಲಿ ಬರ್ತೀರಾ?”

“ಜೇನು ಅಲುಗಾಡದೆ ಕೂರುತ್ತೇನೇ?” ಎಂದು ಅತ್ತೆ ಸೊಸೆಯನ್ನು ಕೇಳಿದರು.

ಆಕೆ ಆಗಲೇ ಚೀಲದಲ್ಲಿ ಪೆನ್ನು ಹುಡುಕುತ್ತಿದ್ದಳು.

“ಆ ಗಾಜಿನ ಮೇಲೆ ಬಿಸಿಲು ಎಷ್ಟೊತ್ತಿಗೆ ಬೀಳುತ್ತೆ?”

“ಏಳೂ ಕಾಲಿಗೆ. ಹೆಚ್ಚು ಅಂದ್ರೆ ಹದಿನೈದು ನಿಮಿಷ ಇರುತ್ತೆ.”

ಕಾಗದ ಸಿಗಲಿಲ್ಲ. ಆಕೆ ಅಂಗೈಯ ಮೇಲೆ ಏಳೂ ಕಾಲು ಎಂದು ಬರೆದುಕೊಂಡು, ಅಲ್ಲಿಗೆ ಯಾವ ಬಸ್ಸು ಬರುತ್ತದೆ ಎಂದು ಕೇಳಿದಳು.